ಕೆರೆಯಂಗಳದಲ್ಲಿ ಹುಟ್ಟಿದ ಕಾರು

ಬತ್ತಿದ ಕೆರೆಯಂಗಳದಲ್ಲಿ ಕಣ್ರೀ! ಅಮೆರಿಕದವರು ಇವತ್ತಿಗೂ ಕಣ್ಣರಳಿಸಿ ನೋಡುವ ‘ಹಾಟ್ ರಾಡ್’ ಎಂಬ ಪುಂಡ ಕಾರು ಓಡಲು ಕಲಿತದ್ದು ನೀರಾರಿದ ಕೆರೆಯೊಂದರ ಅಂಗಳದಲ್ಲಿ. ಈ ಸಂಗತಿ ನನ್ನ ಕಣ್ಣಿಗೆ ಬಿದ್ದಾಗ ನಾನು ಕೂತಿದ್ದದ್ದು ಬುಕ್ಕಾಂಬುಧಿಯ ಬೆಟ್ಟದ ಮೇಲೆ. ಹೆಸರಲ್ಲೇ ಅಂಬುಧಿ ಇರುವ ಊರು ಇದು. ಯಾರೋ ಹಿರಿಯರು ಒಂದು ಕೆರೆ ನೋಡಿ ‘ಸಮುದ್ರ’ ಎಂದು ಕರೆದರಲ್ಲ, ಅವರ ಗುಂಡಿಗೆಯೇ ಗುಂಡಿಗೆ! ಸುತ್ತ ತೆಂಗು, ಅಡಿಕೆ, ಈರುಳ್ಳಿ ಹೊಲ. ಎಲ್ಲೋ ಒಂದು ಟ್ರ್ಯಾಕ್ಟರಿನ ಸದ್ದು. ಆ ಸದ್ದು ಕೇಳುತ್ತ ಕೇಳುತ್ತ ಒಂದು ಪ್ರಶ್ನೆ ತಲೆಗೆ ಹೊಕ್ಕಿತು, ಇನ್ನೂ ಹೊರಗೆ ಹೋಗಿಲ್ಲ. ಬಿಸಿಲಿಗೆ ಬಿರಿದ ಕೆರೆಯಂಗಳದಿಂದ ಅವರು ಕಾರು ಕಟ್ಟಿಕೊಂಡು ಎದ್ದುಬಂದರು ಅಂದರೆ, ಈ ಸೀಮೆಯಲ್ಲಿ ಅದಕ್ಕೆ ಬೇಕಾದದ್ದು ಏನಿಲ್ಲ?

ಹುಡುಕುತ್ತ ಹೋದೆ. ಒಂದರ ಹಿಂದೆ ಒಂದು ಬೆರಗು!

ಉಲ್ಟಾ ಹೆಸರಿನ ಊರು

ಮೊದಲು ಆ ಕೆರೆಯ ಕಥೆ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ 110 ಚದರ ಕಿಲೋಮೀಟರಿಗೂ ಹೆಚ್ಚು ಹರಡಿಕೊಂಡ ಒಣಕೆರೆ ಒಂದಿದೆ. ಚಳಿಗಾಲದ ಮಳೆಗೆ ತೆಳ್ಳಗೆ ನೀರು ನಿಲ್ಲುತ್ತದೆ, ಗಾಳಿ ಆ ನೀರನ್ನು ಅತ್ತಿತ್ತ ಸವರುತ್ತದೆ, ಬಿಸಿಲು ಬಂದು ಒಣಗಿಸುತ್ತದೆ. ಸಗಣಿ ಸಾರಿಸಿದ ಕಣದ ಹಾಗೆ ನೆಲ ತಾನೇ ನಯವಾಗುತ್ತದೆ. ಅಲ್ಲಿ ಕೋರಮ್ ಎಂಬ ಮನೆತನದವರು ನೆಲೆಸಿದ್ದರು. ಊರಿಗೆ ತಮ್ಮ ಹೆಸರಿಡಲು ಹೊರಟರೆ ಅಂಚೆ ಇಲಾಖೆ ಒಪ್ಪಲಿಲ್ಲವಂತೆ, ಅಂಥದೇ ಹೆಸರಿನ ಊರು ಇನ್ನೊಂದಿತ್ತು. ಅವರೇನು ಬಿಟ್ಟಾರೆಯೆ? ಅದೇ ಅಕ್ಷರಗಳನ್ನು ಹಿಂದುಮುಂದು ಮಾಡಿ ‘ಮ್ಯುರಾಕ್’ ಎಂದು ಬರೆದುಕೊಟ್ಟರು!

ವಾರವೆಲ್ಲ ದುಡಿದ ಹುಡುಗರು ರಾತ್ರಿಯೇ ಲಾಸ್ ಏಂಜಲಿಸ್ ಬಿಟ್ಟು, ಬೆಳಕು ಹರಿಯುವ ಹೊತ್ತಿಗೆ ಈ ಮ್ಯುರಾಕ್ ಕೆರೆಯಂಗಳ ಸೇರುತ್ತಿದ್ದರು. ಕೈಯಲ್ಲಿ ಕಾಸಿಲ್ಲ. ತಂದದ್ದು ಗುಜರಿಯಿಂದ ಎತ್ತಿದ ಫೋರ್ಡ್ ಕಾರು. 1908ರಿಂದ 1927ರವರೆಗೆ ಫೋರ್ಡ್ ಕಂಪನಿ ಒಂದೂವರೆ ಕೋಟಿ ‘ಮಾಡೆಲ್ ಟಿ’ ಕಾರು ಮಾಡಿ ಬಿಟ್ಟಿತ್ತು, 1928ರಿಂದ 1931ರೊಳಗೆ ಹತ್ತಿರಹತ್ತಿರ 50 ಲಕ್ಷ ‘ಮಾಡೆಲ್ ಎ’. ಬಂಡಿ ಎಷ್ಟಿದ್ದರೆ ಮುರಿದ ಬಂಡಿಯೂ ಅಷ್ಟು! ಹುಡುಗರು ಮಡ್‌ಗಾರ್ಡ್ ಕಿತ್ತರು, ಬಂಪರ್ ಕಿತ್ತರು, ಎದುರಿನ ಗಾಜು ಮೊಟಕು ಮಾಡಿದರು. ಭಾರ ಇಳಿದಷ್ಟೂ ಓಟ ಏರಿತು. ಅದಕ್ಕೇ ಅವರು ಬಯಸಿದ್ದು ‘ರೋಡ್‌ಸ್ಟರ್’, ಅಂದರೆ ತಗಡಿನ ಮಾಡಿಲ್ಲದ, ಬಾಗಿಲಿಗೆ ಏರಿಸಿ ಇಳಿಸುವ ಗಾಜಿಲ್ಲದ, ಇಬ್ಬರು ಕೂರುವ ಬೋಳು ಕಾರು. ಎಲ್ಲಕ್ಕಿಂತ ಹಗುರ, ಎಲ್ಲಕ್ಕಿಂತ ಅಗ್ಗ!

1937ರಲ್ಲಿ ಇವರದೇ ಒಂದು ಕೂಟ ಹುಟ್ಟಿತು, ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್. ಗಡಿಯಾರ ಹಿಡಿದು ಓಟ ಅಳೆಯುವ ಕೂಟ. ಅದು ಇವತ್ತಿಗೂ ಬದುಕಿದೆ, ಎಲ್ ಮಿರಾಜ್ ಎಂಬ ಇನ್ನೊಂದು ಒಣಕೆರೆಯಲ್ಲಿ ಇವತ್ತಿಗೂ ಓಟ ನಡೆಸುತ್ತದೆ. ಮ್ಯುರಾಕ್ ಏನಾಯಿತು? ಅದರ ನುಣುಪಿಗೆ ಮನಸೋತದ್ದು ಹುಡುಗರಷ್ಟೇ ಆಗಿರಲಿಲ್ಲ. ಅದೀಗ ಎಡ್ವರ್ಡ್ಸ್ ವಾಯುನೆಲೆ!

ಎಂಟು ಸಿಲಿಂಡರಿನ ಒಂದೇ ಎರಕ

1932ರ ಮಾರ್ಚ್ 31. ಹೆನ್ರಿ ಫೋರ್ಡ್ ಒಂದು ಬಾಂಬು ಹಾಕಿದ. ಎಂಟು ಸಿಲಿಂಡರಿನ ವಿ8 ಎಂಜಿನ್ನು, ಬಡವರ ಕಾರಿನಲ್ಲಿ! ಅಲ್ಲಿಯವರೆಗೆ ಎಂಟು ಸಿಲಿಂಡರ್ ಅಂದರೆ ಸಿರಿವಂತರ ಸೊತ್ತು. ಫೋರ್ಡ್ ಇಡೀ ವಿ8 ಬ್ಲಾಕನ್ನು ಒಂದೇ ತುಂಡಾಗಿ ಎರಕ ಹೊಯ್ಯಿಸಿ ಬೆಲೆ ಇಳಿಸಿಬಿಟ್ಟ. 3.6 ಲೀಟರು, 65 ಅಶ್ವಶಕ್ತಿ, ರೋಡ್‌ಸ್ಟರಿನ ಬೆಲೆ 460 ಡಾಲರು. ಅದರ ಹಿಂದಿನ ‘ಮಾಡೆಲ್ ಎ’ ಕಾರಿನ ಶಕ್ತಿ ಬರೀ 40!

ಈ ಎಂಜಿನ್ನನ್ನು ‘ಫ್ಲ್ಯಾಟ್‌ಹೆಡ್’ ಅನ್ನುತ್ತಾರೆ. ವಾಲ್ವುಗಳೆಲ್ಲ ಸಿಲಿಂಡರಿನ ಪಕ್ಕದಲ್ಲೇ, ಬ್ಲಾಕಿನೊಳಗೇ ಕೂತಿರುತ್ತವೆ. ಮೇಲಿನ ಹೆಡ್ಡಿನಲ್ಲಿ ವಾಲ್ವಿನ ಗೊಡವೆಯೇ ಇಲ್ಲ, ಡಬ್ಬಿ ಮುಚ್ಚಳದ ಹಾಗೆ ಚಪ್ಪಟೆ. ಬಿಚ್ಚುವುದು ಸುಲಭ, ತಿದ್ದುವುದು ಸುಲಭ, ಹಿತ್ತಲ ಶೆಡ್ಡಿನ ಹುಡುಗನಿಗೆ ಇನ್ನೇನು ಬೇಕು? ಐಬೂ ಒಂದಿತ್ತು. ಸುಟ್ಟ ಹೊಗೆ ಹೊರಗೆ ಹೋಗಲು ಬ್ಲಾಕಿನ ನೀರಿನ ಹಾದಿಯನ್ನೇ ದಾಟಬೇಕು, ಹಾಗಾಗಿ ಬೇಗ ಕಾಯುತ್ತಿತ್ತು. ಆ ಐಬಿನ ಜತೆ ಗುದ್ದಾಡುತ್ತಲೇ ಒಂದು ತಲೆಮಾರು ಎಂಜಿನ್ ಕಲಿತುಬಿಟ್ಟಿತು!

ಎರಡನೇ ಮಹಾಯುದ್ಧ ಮುಗಿಯಿತು. ಬಿಲ್ ಬರ್ಕ್ ಎಂಬಾತನ ಕಣ್ಣು 1946ರಲ್ಲಿ ಯುದ್ಧವಿಮಾನದ ರೆಕ್ಕೆಗೆ ನೇತುಹಾಕುವ ಪೆಟ್ರೋಲ್ ಟ್ಯಾಂಕಿನ ಮೇಲೆ ಬಿತ್ತು. ಮೀನಿನ ಮೈ, ಗಾಳಿ ಸೀಳಲೆಂದೇ ಮಾಡಿದ್ದು, ಮಾರಾಟಕ್ಕೆ ಬಂದ ಯುದ್ಧದ ಉಳಿಕೆ. ತಂದ, ಒಳಗೆ ಎಂಜಿನ್ ಕೂರಿಸಿದ, ನಾಲ್ಕು ಚಕ್ರ ಹಾಕಿದ, ತಾನೂ ಅದರೊಳಗೆ ತೂರಿಕೊಂಡ! ಎಣ್ಣೆ ಟ್ಯಾಂಕೇ ಕಾರಿನ ಮೈ ಆಯಿತು. 1948ರ ಜನವರಿಯಲ್ಲಿ ‘ಹಾಟ್ ರಾಡ್’ ಎಂಬ ಮಾಸಪತ್ರಿಕೆಯೇ ಶುರುವಾಯಿತು. ಗುಜರಿಗೊಂದು ಮಾಸಪತ್ರಿಕೆ!

ಕೆಂಪು ಮಣ್ಣಿನ ಗುಟ್ಟು

ಇಷ್ಟಾದ ಮೇಲೆ ನಾನು ಬುಕ್ಕಾಂಬುಧಿಯನ್ನು ನಡುವೆ ಇಟ್ಟುಕೊಂಡು ಸುತ್ತಲ ಸೀಮೆಯ ಪಟ್ಟಿ ಮಾಡುತ್ತ ಕೂತೆ.

ಕಾರಿಗೆ ಮೊದಲು ಬೇಕಾದದ್ದು ಕಬ್ಬಿಣ. ನಮ್ಮ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಗೆ ಹೂವು ನೋಡಲು ಎಷ್ಟು ಸಲ ಹೋಗಿಲ್ಲ! ಆ ಹೆಸರಿನ ಕೆಂಪು ಕಬ್ಬಿಣದ ಕೆಂಪು ಎಂದು ಯೋಚಿಸಿದ್ದೇ ಇಲ್ಲ. ಅಲ್ಲಿ ಅಗೆದ ಅದಿರು ತೂಗುತಂತಿಯ ತೊಟ್ಟಿಲುಗಳಲ್ಲಿ ಕೂತು ಬೆಟ್ಟ ಇಳಿದು ಭದ್ರಾವತಿ ಸೇರುತ್ತಿತ್ತು. ಭದ್ರಾವತಿಯಲ್ಲಿ 1923ರಲ್ಲೇ ಕುಲುಮೆ ಹೊತ್ತಿತ್ತು. ಹತ್ತಿರದಲ್ಲಿ ಕಲ್ಲಿದ್ದಲಿಲ್ಲ, ಹಾಗಾಗಿ ಮಲೆನಾಡಿನ ಮರದ ಇದ್ದಿಲಿನಲ್ಲಿ ಕಬ್ಬಿಣ ಕರಗಿಸಿದರು. ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿ ನಿಲ್ಲಿಸಿದ ಕಾರ್ಖಾನೆ ಅದು. ಅಂದರೆ ಫೋರ್ಡ್ ಆ ವಿ8 ಎರಕ ಹೊಯ್ಯಿಸುವುದಕ್ಕೆ ಒಂಬತ್ತು ವರ್ಷ ಮೊದಲೇ ನಮ್ಮ ಪಕ್ಕದೂರಲ್ಲಿ ಕಬ್ಬಿಣ ಕರಗಿ ಹರಿದಿತ್ತು!

ಇನ್ನು ಓಟದ ಹುಚ್ಚು. ಅದು ಹೊರಗಿನಿಂದ ಬರಬೇಕೆ? ಅಜ್ಜಂಪುರದ ಅಮೃತಮಹಲ್ ತಳಿಕೇಂದ್ರಕ್ಕೆ ಒಮ್ಮೆ ಹೋಗಿ ನೋಡಿ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯ ದನಗಳನ್ನು ಹೈದರಾಲಿ ಫಿರಂಗಿ ಎಳೆಯಲು ಹೂಡಿದ, ಟಿಪ್ಪು ಅವಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟ. ಚಿದಂಬರದ ನೆರವಿಗೆ ಹೈದರನ ಪಡೆ ಎರಡೂವರೆ ದಿನದಲ್ಲಿ 100 ಮೈಲಿ ಓಡಿದ್ದು ಈ ಎತ್ತುಗಳ ದಮ್ಮಿನಿಂದ ಎಂದು ಚರಿತ್ರೆ ಬರೆದವರು ಹೇಳುತ್ತಾರೆ. ತೆಳ್ಳಗಿನ ಮೈ, ಉದ್ದ ಕೊಂಬು, ಒಂದು ತೊಲ ಬೊಜ್ಜಿಲ್ಲ. ಭಾರ ಇಳಿಸಿ ಓಟ ಏರಿಸುವ ಹಾಟ್ ರಾಡಿನ ಸೂತ್ರ ನಮ್ಮ ಕಾವಲುಗಳಲ್ಲಿ ನಾಲ್ಕು ಕಾಲಿನ ಮೇಲೆ ಮೇಯುತ್ತಿದೆ!

ಗಾಡಿ ಗಾಲಿಯಲ್ಲಿ ಅಡಗಿದ ವಿದ್ಯೆ

ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಈ ಮುಂದಿನದು.

ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಾ ಕಟ್ಟುವುದನ್ನು ಚಿಕ್ಕಂದಿನಲ್ಲಿ ನೋಡಿದವರಿಗೆ ನೆನಪಿರುತ್ತದೆ. ಗಾಲಿಗಿಂತ ಕೂದಲೆಳೆ ಚಿಕ್ಕದಾದ ಪಟ್ಟಾವನ್ನು ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಕಾದ ಕಬ್ಬಿಣ ಹಿಗ್ಗುತ್ತದೆ. ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ ನೀರು ಸುರಿದರೆ, ಭುಸ್ ಎಂದು ಹಬೆ ಎದ್ದು, ಪಟ್ಟಾ ಕುಗ್ಗಿ ಮರವನ್ನು ಕಚ್ಚಿಕೊಳ್ಳುತ್ತದೆ. ಮೊಳೆಯೂ ಬೇಡ, ಬೋಲ್ಟೂ ಬೇಡ.

ಈಗ ಹಳೇ ಕಾರಿನ ಎಂಜಿನ್ನಿನ ಹಿಂದಿರುವ ಫ್ಲೈವೀಲ್ ನೋಡಿ. ಅದರ ಅಂಚಿನಲ್ಲಿ ಹಲ್ಲಿನ ಬಳೆ ಇರುತ್ತದೆ, ಸ್ಟಾರ್ಟರ್ ಮೋಟರು ಕಚ್ಚಿ ತಿರುಗಿಸುವುದು ಅದನ್ನೇ. ಹಲ್ಲು ಸವೆದರೆ ಹೊಸ ಬಳೆ ಕೂರಿಸುವುದು ಹೇಗೆ? ಕಾಯಿಸಿ, ಹಿಗ್ಗಿಸಿ, ತೊಡಿಸಿ, ಆರಲು ಬಿಡುವುದು! ಗಾಡಿ ಗಾಲಿಯ ವಿದ್ಯೆ, ಹೆಸರು ಮಾತ್ರ ಬೇರೆ. ಇನ್ನೂ ಇದೆ. ಕಾರಿನ ತಗಡು ಜಜ್ಜಿ ಉಬ್ಬಿದ್ದರೆ ಟಿಂಕರಿಂಗ್ ಮೇಸ್ತ್ರಿ ಉಬ್ಬಿನ ನೆತ್ತಿಯನ್ನು ಗ್ಯಾಸಿನಲ್ಲಿ ಕೆಂಪಾಗಿಸಿ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಒದ್ದೆ ಬಟ್ಟೆ ಒತ್ತುತ್ತಾನೆ. ಹಿಗ್ಗಿದ ತಗಡು ಕುಗ್ಗಿ ಜಾಗಕ್ಕೆ ಬರುತ್ತದೆ. ಮತ್ತದೇ ವಿದ್ಯೆ!

ಚಾಸಿ ಸೊಟ್ಟಗಿದೆಯೋ ನೆಟ್ಟಗಿದೆಯೋ ನೋಡಬೇಕೆ? ಮನೆಯ ಪಾಯ ಹಾಕುವ ಗಾರೆ ಮೇಸ್ತ್ರಿಯನ್ನು ಕರೆಯಿರಿ. ಅವನು ದಾರ ಹಿಡಿದು ಮೂಲೆಯಿಂದ ಮೂಲೆಗೆ ಅಡ್ಡ ಅಳೆಯುತ್ತಾನೆ. ಎರಡು ಅಡ್ಡ ಅಳತೆಯೂ ಸಮ ಬಂದರೆ ಪಾಯ ಚೌಕ. ಅಮೆರಿಕದ ಶೆಡ್ಡಿನಲ್ಲೂ ಚಾಸಿಯನ್ನು ನೋಡುವುದು ಹೀಗೇ. ಒಂದು ದಾರ ಸಾಕು!

ತುಕ್ಕಿಗೆ ಮದ್ದೇನು ಗೊತ್ತೆ? ಕಾಕಂಬಿ! ಆಲೆಮನೆ, ಸಕ್ಕರೆ ಕಾರ್ಖಾನೆಗಳ ಕಡೆ ಸಿಗುವ ಕಪ್ಪು ಕಾಕಂಬಿಯೇ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಡ್ರಮ್ಮಿನಲ್ಲಿ ತುಕ್ಕು ಹಿಡಿದ ಭಾಗ ಮುಳುಗಿಸಿಡುವುದು. ಒಂದೆರಡು ವಾರದಲ್ಲಿ ತುಕ್ಕು ಕರಗಿ ಬೂದು ಬಣ್ಣದ ಕಬ್ಬಿಣ ಉಳಿಯುತ್ತದೆ. ನಾತ ಮಾತ್ರ ಹೇಳತೀರದು, ಮನೆಯಿಂದ ದೂರ ಇಡಬೇಕು. ಅಲ್ಯೂಮಿನಿಯಂ ಭಾಗ ಹಾಕಿದರೆ ಅದನ್ನೇ ತಿಂದುಬಿಡುತ್ತದೆ, ಹುಷಾರು. ಇನ್ನೊಂದು ದಾರಿ ವಾಷಿಂಗ್ ಸೋಡಾ ನೀರು ಮತ್ತು ಬ್ಯಾಟರಿ ಚಾರ್ಜರು. ತುಕ್ಕಿನ ಭಾಗಕ್ಕೆ ನೆಗೆಟಿವ್ ತಂತಿ, ಬೇಡದ ಕಬ್ಬಿಣದ ತುಂಡಿಗೆ ಪಾಸಿಟಿವ್. ಗುಳ್ಳೆ ಏಳುತ್ತ ತುಕ್ಕು ಬಿಡುತ್ತದೆ. ಆ ಗುಳ್ಳೆ ಜಲಜನಕದ್ದು, ಬಯಲಲ್ಲೇ ಮಾಡಬೇಕು, ಬೀಡಿ ಹತ್ತಿರ ತರಬಾರದು. ಪಾಸಿಟಿವ್ ಕಡೆಗೆ ಸ್ಟೀಲಿನ ಪಾತ್ರೆ ತುಂಡು ಬೇಡವೇ ಬೇಡ, ನೀರಿಗೆ ವಿಷ ಇಳಿಯುತ್ತದೆ.

ನಮ್ಮದೇ ರೋಡ್‌ಸ್ಟರ್!

ಎಲ್ಲ ಸರಿ, ಆದರೆ 1932ರ ಫೋರ್ಡು ನಮಗೆಲ್ಲಿ ಸಿಗಬೇಕು? ಫೋರ್ಡ್ ಕಂಪನಿ 1926ರಲ್ಲೇ ಭಾರತಕ್ಕೆ ಬಂದಿತ್ತು, ಜನರಲ್ ಮೋಟರ್ಸ್ 1928ರಲ್ಲಿ ಮುಂಬೈನ ಸಿವ್ರಿಯಲ್ಲಿ ಕಾರು ಜೋಡಿಸತೊಡಗಿತ್ತು. ಆ ಕಾಲದ ಕಾರುಗಳನ್ನು ಕಣ್ಣಾರೆ ನೋಡಬೇಕೆಂದರೆ ಧರ್ಮಸ್ಥಳದ ಸಂಗ್ರಹಕ್ಕೆ ಹೋಗಿ, ಇಲ್ಲವೆ ಅಲ್ಲಿಯ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರೇ ಶ್ರೀರಂಗಪಟ್ಟಣದ ಬಳಿ ಕಟ್ಟಿಸಿದ ‘ಪಯಣ’ ಸಂಗ್ರಹಾಲಯಕ್ಕೆ ಹೋಗಿ. ಹೊಳೆಯುವ ಮೈ ನೋಡಿ ಬಾಯಿ ಬಿಟ್ಟುಕೊಂಡು ನಿಲ್ಲುವುದಷ್ಟೇ ನಮ್ಮ ಪಾಲು, ಮುಟ್ಟಲು ಸಿಗದು.

ಹಾಗಂದುಕೊಂಡು ಬೆಟ್ಟ ಇಳಿಯುವಾಗಲೇ ಹೊಳೆದದ್ದು. ಮಾಡಿಲ್ಲದ, ಬಾಗಿಲಿಗೆ ಗಾಜಿಲ್ಲದ, ಎದುರಿನ ಗಾಜು ಮಡಚಿ ಬಾನೆಟ್ ಮೇಲೆ ಮಲಗಿಸಬಹುದಾದ, ಹಿತ್ತಲಲ್ಲಿ ಬಿಚ್ಚಿ ಕಟ್ಟಬಹುದಾದ ಬಂಡಿ ನಮ್ಮಲ್ಲಿ ಇಲ್ಲವೆ? ಜೀಪು! ಚಿಕ್ಕಮಗಳೂರಿನ ಕಾಫಿ ತೋಟದ ಜೀಪು!

ಎರಡನೇ ಮಹಾಯುದ್ಧಕ್ಕೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. 1947ರ ಹೊತ್ತಿಗೆ ಮಹೀಂದ್ರದವರು ಬಿಡಿಭಾಗ ತರಿಸಿ ಇಲ್ಲೇ ಜೋಡಿಸಲು ಹೊರಟರು. ಆ ಯುದ್ಧದ ಜೀಪಿನ ಎಂಜಿನ್ ಯಾವುದು ಹೇಳಿ? 2.2 ಲೀಟರು, ನಾಲ್ಕು ಸಿಲಿಂಡರು, 60 ಅಶ್ವಶಕ್ತಿ. ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ. ಹೆಡ್ಡು ಚಪ್ಪಟೆ. ಮ್ಯುರಾಕ್ ಹುಡುಗರು ಜೀವ ಬಿಡುತ್ತಿದ್ದ ಅದೇ ಫ್ಲ್ಯಾಟ್‌ಹೆಡ್ ಜಾತಿ!

ನಮ್ಮ ಕಡೆ ಜೀಪಿನವರು ‘ಲೋ ಬಾನೆಟ್ಟಾ, ಹೈ ಬಾನೆಟ್ಟಾ?’ ಎಂದು ಕೇಳುತ್ತಾರಲ್ಲ, ಆ ಪ್ರಶ್ನೆಯ ಬುಡ ಇಲ್ಲಿದೆ. ಚಪ್ಪಟೆ ಹೆಡ್ಡಿನ ಎಂಜಿನ್ ಗಿಡ್ಡ, ಹಾಗಾಗಿ ಬಾನೆಟ್ಟೂ ತಗ್ಗು. 1953ರಲ್ಲಿ ಬಂದ ಸಿಜೆ-3ಬಿ ಜೀಪಿನ ಹೊಸ ಎಂಜಿನ್ನಿನಲ್ಲಿ ಗಾಳಿ ಒಳಬಿಡುವ ವಾಲ್ವುಗಳು ಮೇಲೆ, ಹೆಡ್ಡಿಗೆ ಏರಿದವು. ಎಂಜಿನ್ ಎತ್ತರವಾಯಿತು, ಬಾನೆಟ್ ಮುಚ್ಚಲಾಗದೆ ಅದನ್ನೂ ಎತ್ತರಿಸಿದರು. ಮಹೀಂದ್ರದವರು ದಶಕಗಟ್ಟಲೆ ಮಾಡಿದ್ದು ಈ ಜೀಪನ್ನೇ. ನಾಲ್ಕು ವಾಲ್ವು ಜಾಗ ಬದಲಿಸಿದ್ದಕ್ಕೆ ಜೀಪಿನ ಮುಖವೇ ಬದಲಾಯಿತು! ಇನ್ನು ಮೇಲೆ ಜೀಪು ಎದುರು ಬಂದರೆ ಬಾನೆಟ್ ನೋಡಿಯೇ ಒಳಗಿನ ಎಂಜಿನ್ನಿನ ಜಾತಕ ಊಹಿಸಬಹುದು.

ಕೊಟ್ಟಿಗೆಯಲ್ಲಿ ಶುರು ಮಾಡುವುದು ಹೀಗೆ

ಖಾಲಿಯಾದ ದನದ ಕೊಟ್ಟಿಗೆ ಸಾಕು. ಮೊದಲ ಕೆಲಸ ಬಿಚ್ಚುವುದಲ್ಲ, ಫೋಟೋ ತೆಗೆಯುವುದು. ಯಾವ ತಂತಿ ಎಲ್ಲಿ ಹೋಗಿತ್ತು, ಯಾವ ವಾಷರು ಯಾವುದರ ಕೆಳಗಿತ್ತು ಎಂಬುದು ಆರು ತಿಂಗಳ ಮೇಲೆ ಯಾರ ನೆನಪಿನಲ್ಲೂ ಇರುವುದಿಲ್ಲ. ಬಿಚ್ಚಿದ ಬೋಲ್ಟುಗಳನ್ನು ಭಾಗಕ್ಕೊಂದು ಡಬ್ಬಿಯಂತೆ ಹಾಕಿ ಚೀಟಿ ಅಂಟಿಸಬೇಕು.

ಎಂಜಿನ್ ಜಾಮ್ ಆಗಿದ್ದರೆ ಪ್ಲಗ್ ಬಿಚ್ಚಿ ತೂತುಗಳಿಗೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಹೊಯ್ದು ಕಾಯಬೇಕು. ದಿನಕ್ಕೊಮ್ಮೆ ಹ್ಯಾಂಡಲ್ ಹಾಕಿ ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ಅಲುಗಿಸಬೇಕು. ಜೋರು ಮಾಡಿದರೆ ರಿಂಗು ಮುರಿಯುತ್ತದೆ. ಒಂದು ಬೆಳಿಗ್ಗೆ ಅದು ತಾನೇ ಬಿಡುತ್ತದೆ, ಆಗಿನ ಆ ‘ಟಕ್’ ಸದ್ದಿಗೆ ಸಮ ಯಾವ ಸಂಗೀತ! ಮುಂದಿನದು ಲೇತ್ ಅಂಗಡಿಯ ಪಾಲು. ಟ್ರ್ಯಾಕ್ಟರಿನ ಬ್ಲಾಕಿಗೆ ಬೋರಿಂಗ್ ಮಾಡಿ ಸ್ಲೀವ್ ಹಾಕುವ ಕೈಗಳಿಗೆ ಜೀಪಿನ ಬ್ಲಾಕು ಹೊಸದೇನಲ್ಲ. ಬುಷ್ ತಿರುಗಿಸಿಕೊಡುತ್ತಾರೆ, ಸವೆದ ಶಾಫ್ಟು ತುಂಬಿಸಿ ಸಾಣೆ ಹಿಡಿಯುತ್ತಾರೆ.

ಓಟಕ್ಕಿಂತ ಮೊದಲು ಬ್ರೇಕು! 1932ರ ಫೋರ್ಡಿನಲ್ಲಿ ಬ್ರೇಕು ಹಿಡಿಯುತ್ತಿದ್ದದ್ದು ಕಬ್ಬಿಣದ ಸರಳಿನಿಂದ. ಫೋರ್ಡ್ ಕಾರಿಗೆ ಹೈಡ್ರಾಲಿಕ್ ಬ್ರೇಕು ಬಂದದ್ದು 1939ರ ಮಾದರಿಯಲ್ಲಿ. ಹಾಟ್ ರಾಡ್ ಹುಡುಗರು ಎಂಜಿನ್ನಿಗೆ ಕೈ ಹಾಕುವಷ್ಟೇ ಆತುರದಲ್ಲಿ 1939ರ ಬ್ರೇಕು ಹುಡುಕಿ ಹಾಕುತ್ತಿದ್ದರು. ಪುಂಡರಾದರೂ ಬುದ್ಧಿವಂತರು. ನಮ್ಮ ಜೀಪಿಗೆ ಹೈಡ್ರಾಲಿಕ್ ಹುಟ್ಟಿನಿಂದಲೇ ಇದೆ, ಆದರೆ ವರ್ಷಗಟ್ಟಲೆ ನಿಂತ ಬಂಡಿಯ ರಬ್ಬರು, ಪೈಪು ಎಲ್ಲ ಹೊಸದಾಗಲೇಬೇಕು. ಅಲ್ಲಿ ಜುಗ್ಗತನ ಸಲ್ಲದು.

ಕಾನೂನಿನ ಕವಲುದಾರಿ

ಇಲ್ಲಿ ಒಂದು ಕವಲು ಬರುತ್ತದೆ. ಇದ್ದದ್ದನ್ನು ಇದ್ದ ಹಾಗೇ ಎಬ್ಬಿಸುವುದು ಒಂದು ದಾರಿ, ಹಾಟ್ ರಾಡಿನಂತೆ ಮೈ ಕತ್ತರಿಸಿ ಬೇರೆ ಎಂಜಿನ್ ಕೂರಿಸುವುದು ಇನ್ನೊಂದು. ಅಮೆರಿಕದ ಹುಡುಗರು ಎರಡನೆಯದನ್ನು ಹಿಡಿದರು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ನಿಂತಿದೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಬಂಡಿಯನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಖಡಾಖಂಡಿತವಾಗಿ ಹೇಳಿತು. ಹಾಟ್ ರಾಡ್ ಕಟ್ಟಿದರೆ ಅದರ ಓಟ ನಿಮ್ಮ ತೋಟದ ಬೇಲಿಯೊಳಗೇ.

ಮೊದಲ ದಾರಿಗೆ ಮಾತ್ರ ಬಾಗಿಲು ತೆರೆದಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಮೈ, ಎಂಜಿನ್ನು ಮೂಲದ್ದೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000, ಅವಧಿ 10 ವರ್ಷ. ನಂಬರಿನ ನಡುವೆ ‘ವಿಎ’ ಎಂಬ ಅಕ್ಷರ ಬರುತ್ತದೆ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲು ಹಾಕಿಸಲು, ರಿಪೇರಿಗೆ ರಸ್ತೆಗೆ ಇಳಿಸಬಹುದು. ದಿನಾ ಸಂತೆಗೆ ಒಯ್ಯುವಂತಿಲ್ಲ. 1975ಕ್ಕಿಂತ ಮೊದಲು ರಸ್ತೆಗಿಳಿದ ಜೀಪುಗಳೆಲ್ಲ ಈ ಐವತ್ತರ ಗೆರೆ ದಾಟಿಯಾಯಿತು, ನಿಮ್ಮ ಹಿತ್ತಲಲ್ಲಿ ಇರುವುದೂ ಸೇರಿ!

ಅದಕ್ಕೇ ಒಂದು ಮಾತು. ಹುಲ್ಲಿನ ಬಣವೆ ಪಕ್ಕ, ಹುಣಸೆ ಮರದ ಕೆಳಗೆ, ಹಳೇ ಅಡಿಕೆ ಚೀಲ ಹೊದ್ದುಕೊಂಡು ಒಂದು ಜೀಪೋ ಕಾರೋ ನಿಂತಿದ್ದರೆ, ಗುಜರಿಯವನಿಗೆ ಫೋನು ಮಾಡುವ ಮೊದಲು ಒಂದು ದಿನ ತಡೆಯಿರಿ. ಚೀಲ ಸರಿಸಿ, ಬಾನೆಟ್ ಎತ್ತಿ, ಚಾಸಿ ನಂಬರು ಒರೆಸಿ ಬರೆದುಕೊಳ್ಳಿ. ಅಜ್ಜನ ಪೆಟ್ಟಿಗೆಯಲ್ಲಿ ಆರ್‌ಸಿ ಪುಸ್ತಕ ಇದೆಯೇ ಹುಡುಕಿ. ತೂಕಕ್ಕೆ ಹೋದ ಕಬ್ಬಿಣ ಮತ್ತೆ ಬಂಡಿಯಾಗಿ ವಾಪಸು ಬರುವುದಿಲ್ಲ. ಒಂದು ಡ್ರಮ್ಮು ಕಾಕಂಬಿ ನೀರಿಗೆ ಆಗುವ ಖರ್ಚು ಬಹಳವೇನಲ್ಲ.